“ನೀವು ಸಂಘದ ಮೆಂಬರ್ ಏನ್ರಿ?”

ಹೋದ ತಿಂಗಳು ಮೂಡಲಗಿ ಕಡೆಯ ಒಬ್ಬ ತಂದೆ ಫೋನ್ ಮಾಡಿದ್ದರು. ಮಗ ಸೈಕಲ್ ರೇಸಿನ ಹುಡುಗ. ಟ್ರಯಲ್ಸ್ ಮುಗಿದು ನಾಲ್ಕು ದಿನ ಆಗಿತ್ತು.

“ನಮ್ಮ ಹುಡುಗ ಮೂರನೇ ನಂಬರ್ ಬಂದಾನ್ರಿ. ಲಿಸ್ಟ್‌ನ್ಯಾಗ ನಾಕ್ ಮಂದಿ ಹೆಸರು ಅದಾವು, ಇವಂದ ಇಲ್ಲ. ಯಾರಿಗೆ ಕೇಳಬೇಕ್ರಿ?”

ಸಂಘದವರನ್ನೇ ಕೇಳಿ ಅಂದೆ.

“ಕೇಳಿದ್ನಲ್ರಿ. ‘ನೀವು ಸಂಘದ ಮೆಂಬರ್ ಏನ್ರಿ?’ ಅಂದ್ರು. ಬಾಯಿ ಕಟ್ಟಿಹೋತ್ರಿ ನಂದು.”

ಯಾವ ಸಂಘ, ಯಾವ ಟ್ರಯಲ್ಸ್ ಎಂದು ಇಲ್ಲಿ ಬರೆಯುವುದಿಲ್ಲ. ಒಂದೇ ಕಡೆಯವರ ಮಾತು ಕೇಳಿ ಹೆಸರು ಹಾಕಬಾರದು ಎಂದು ನಮಗೆ ಕ್ಲಾಸಿನಲ್ಲಿ ಕಲಿಸಿದ್ದಾರೆ. ಆ ಹುಡುಗನನ್ನು ಬಿಡಲು ಸರಿಯಾದ ಕಾರಣ ಇದ್ದರೂ ಇರಬಹುದು. ನನ್ನ ತಲೆಯಲ್ಲಿ ಉಳಿದದ್ದು ಆ ಒಂದು ಪ್ರಶ್ನೆ. ಆಮೇಲೆ ಗೋಕಾಕ, ಹುಕ್ಕೇರಿ ಕಡೆಯೂ ಸೈಕಲ್ ಮಕ್ಕಳಿರುವ ಕೆಲವು ಮನೆಗಳಲ್ಲಿ ವಿಚಾರಿಸಿದೆ. “ನಾನು ಸದಸ್ಯ” ಎಂದವರು ಒಬ್ಬರೂ ಸಿಗಲಿಲ್ಲ. ಫೀ ಕಟ್ಟೀವಿ ಅಂದರು. ಕಾರ್ಡ್ ಐತಿ ಅಂದರು. ವಾಟ್ಸಾಪ್ ಗ್ರೂಪಿನ್ಯಾಗ ಅದೀವಿ ಅಂದರು. ಆ ಗ್ರೂಪಿನಲ್ಲಿ ಅಡ್ಮಿನ್ ಮಾತ್ರ ಮೆಸೇಜ್ ಹಾಕಬಹುದು.

ಈ ತಂದೆಯನ್ನೇ ನೋಡಿ. ಪಿಕೆಪಿಎಸ್ ಸದಸ್ಯರು. ಸಕ್ಕರೆ ಕಾರ್ಖಾನೆಯಲ್ಲಿ ಶೇರು ಇದೆ. ಹೆಂಡತಿ ಹೆಸರಲ್ಲಿ ಹಾಲಿನ ಡೇರಿ ಸದಸ್ಯತ್ವ. ಶೇರಿನ ರಸೀದಿ ಟ್ರಂಕಿನಲ್ಲಿ ಭದ್ರವಾಗಿದೆ. ಸೊಸೈಟಿ ಸಭೆಯಲ್ಲಿ ಎದ್ದು ನಿಂತು “ಈ ಖರ್ಚು ಏನ್ರಿ ಇದು?” ಎಂದು ಕೇಳಿ ಬಂದ ಮನುಷ್ಯ. ಸಾವಿರ ರೂಪಾಯಿ ಶೇರಿಗೆ ಅಷ್ಟು ಹಕ್ಕು. ಮಗನ ಸೈಕಲ್‌ಗೆ ಕಬ್ಬಿನ ಬಿಲ್ಲಿನಲ್ಲಿ ಒಂದೂವರೆ ಲಕ್ಷ ಸುರಿದಿದ್ದಾರೆ, ಅಲ್ಲಿ ಮಾತ್ರ ಅವರು ಯಾರೂ ಅಲ್ಲ.

ಇದು ಒಬ್ಬ ಪದಾಧಿಕಾರಿಯ ಕೆಟ್ಟತನದಿಂದ ಆದದ್ದು ಎಂದು ನಾನು ತಿಳಿದಿಲ್ಲ. ಕಟ್ಟಡವೇ ಹಾಗೆ ಕಟ್ಟಿದ್ದು. ಮೇಲೆ ಸೈಕ್ಲಿಂಗ್ ಫೆಡರೇಶನ್ ಆಫ್ ಇಂಡಿಯಾ, 1946ರ ಸಂಸ್ಥೆ. ಅದರ ಸದಸ್ಯರು ರಾಜ್ಯ ಸಂಘಗಳು. ರಾಜ್ಯ ಸಂಘದ ಕೆಳಗೆ ಜಿಲ್ಲಾ ಸಂಘಗಳು. ಜಿಲ್ಲಾ ಸಂಘ ಎಂದರೆ ಹೆಚ್ಚಿನ ಕಡೆ ನೋಂದಣಿ ಮಾಡಿಸುವಾಗ ಸಹಿ ಹಾಕಿದ ಕೆಲವು ಮಂದಿ, ಅವರ ಗೆಳೆಯರು. ಸವಾರನಿಗೆ ಸಿಗುವುದು ಲೈಸೆನ್ಸ್, ಓಟು ಅಲ್ಲ. ಬಸ್ಸಿನ ಪಾಸ್ ಇದ್ದಂತೆ. ಹತ್ತಿ ಕೂರಬಹುದು, ಬಸ್ ಎಲ್ಲಿಗೆ ಹೋಗಬೇಕು ಎಂದು ಹೇಳುವಂತಿಲ್ಲ.

ಬೆಂಗಳೂರಿನ ಐಟಿ ಹುಡುಗನಿಗೆ ಇದರಿಂದ ದೊಡ್ಡ ನಷ್ಟವಿಲ್ಲ. ಸಂಘ ಬೇಡವಾದರೆ ಭಾನುವಾರ ನಂದಿಬೆಟ್ಟ ಹತ್ತಿ ಇಳಿದು ಕಾಫಿ ಕುಡಿದು ಮನೆಗೆ ಹೋಗುತ್ತಾನೆ. ನಮ್ಮ ಕಡೆ ಲೆಕ್ಕ ಬೇರೆ. ವಿಜಯಪುರ, ಬಾಗಲಕೋಟೆ, ಗದಗದ ಕ್ರೀಡಾ ವಸತಿ ನಿಲಯಗಳು, ನಮ್ಮದೇ ಜಿಲ್ಲೆಯ ಚಂದರಗಿ ಕ್ರೀಡಾ ಶಾಲೆ, ಇಲ್ಲೆಲ್ಲ ಸೈಕಲ್ ತುಳಿಯುವ ಮಕ್ಕಳು ಬಹುತೇಕ ಒಕ್ಕಲುತನದ, ಕೂಲಿಯ ಮನೆಯವರು. ಅವರ ಕಣ್ಣು ರೈಲ್ವೆ, ಸೇನೆ, ಪೊಲೀಸ್ ಇಲಾಖೆಯ ಕ್ರೀಡಾ ಕೋಟಾದ ಮೇಲೆ. ಅದಕ್ಕೆ ರಾಷ್ಟ್ರೀಯ ಕೂಟದ ಸರ್ಟಿಫಿಕೇಟ್ ಬೇಕು. ಅಲ್ಲಿಗೆ ಹೋಗುವ ದಾರಿಯ ಬೀಗದ ಕೈ ಸಂಘದ ಹತ್ತಿರ. ಒಂದು ಹೆಸರು ಪಟ್ಟಿಯಿಂದ ಬಿದ್ದರೆ ಒಂದು ಮನೆಯ ನೌಕರಿ ಬಿದ್ದಂತೆ.

ಜಾತ್ರೆ ರೇಸಿನ ವಿಷಯ ಇದಕ್ಕಿಂತ ಸಿಟ್ಟು ತರಿಸುವಂಥದ್ದು.

ನಮ್ಮ ಊರುಗಳಲ್ಲಿ ಜಾತ್ರೆ ಬಂತೆಂದರೆ ಕುಸ್ತಿ, ಬಂಡಿ ಓಟ, ಕಲ್ಲು ಎತ್ತುವುದು, ಜೊತೆಗೆ ಸೈಕಲ್ ರೇಸ್. ಊರಿನವರು ಪಟ್ಟಿ ಎತ್ತಿ ಬಹುಮಾನ ಇಡುತ್ತಾರೆ. ಒಬ್ಬ ಒಳ್ಳೆಯ ಹುಡುಗ ಒಂದು ಸೀಸನ್‌ನಲ್ಲಿ ಟೈರು, ಟ್ಯೂಬು, ಚೈನಿನ ಖರ್ಚು ಅದರಲ್ಲೇ ತೆಗೆಯುತ್ತಾನೆ. ಆದರೆ ಹುಡುಗರು ಹೇಳುವುದು ಇಷ್ಟು: “ಜಾತ್ರಿ ರೇಸಿಗೆ ಹ್ವಾದ್ರ ಸೆಲೆಕ್ಷನ್ ಇಲ್ಲ ಅಂತಾರ್ರಿ.” ಹಾಗಂತ ನಿಯಮ ಇದೆಯೇ, ಬರಿಯ ಬೆದರಿಕೆಯೇ ಎಂದು ಹುಡುಕಿದೆ.

ನಿಯಮ ಇದೆ. ವಿಶ್ವ ಸೈಕ್ಲಿಂಗ್ ಸಂಸ್ಥೆ ಯುಸಿಐ ನಿಯಮಾವಳಿಯ 1.2.019 ಹೇಳುವುದೇನೆಂದರೆ, ಲೈಸೆನ್ಸ್ ಪಡೆದ ಸವಾರ ಫೆಡರೇಶನ್ ಪಟ್ಟಿಯಲ್ಲಿ ಇಲ್ಲದ, ಮಾನ್ಯತೆ ಇಲ್ಲದ ರೇಸಿನಲ್ಲಿ ಓಡುವಂತಿಲ್ಲ. ಆದರೆ ಅದೇ 1.2.019ರ ಮುಂದಿನ ಸಾಲು ಓದಿ ಹೇಳಿದವರು ನನಗೆ ಸಿಗಲಿಲ್ಲ. ತನ್ನ ದೇಶದೊಳಗಿನ ಇಂತಿಂಥ ರೇಸುಗಳಿಗೆ ರಾಷ್ಟ್ರೀಯ ಫೆಡರೇಶನ್ ವಿಶೇಷ ವಿನಾಯಿತಿ ಕೊಡಬಹುದು ಎಂದು ಅಲ್ಲಿದೆ. ಅಂದರೆ ಜಿಲ್ಲಾ ಸಂಘ ಮನಸ್ಸು ಮಾಡಿದರೆ ವರ್ಷದ ಆರಂಭದಲ್ಲೇ ಜಾತ್ರೆ ರೇಸುಗಳ ಪಟ್ಟಿ ಮಾಡಿ, ಹೆಲ್ಮೆಟ್ ಕಡ್ಡಾಯ, ಆಂಬ್ಯುಲೆನ್ಸ್ ಕಡ್ಡಾಯ ಎಂದು ಊರಿನ ಕಮಿಟಿಗಳಿಗೆ ಷರತ್ತು ಹಾಕಿ, ರಾಜ್ಯ ಸಂಘದ ಮೂಲಕ ವಿನಾಯಿತಿ ಕೇಳಬಹುದು. ಜಾತ್ರೆಯೂ ಉಳಿಯುತ್ತದೆ, ಹುಡುಗರ ತಲೆಯೂ ಉಳಿಯುತ್ತದೆ. ಅಮೆರಿಕದಲ್ಲಿ 2013ರಲ್ಲಿ ಇದೇ ನಿಯಮವನ್ನು ಬಿಗಿಯಾಗಿ ಜಾರಿ ಮಾಡಲು ಹೊರಟಾಗ ಸವಾರರು ಗದ್ದಲ ಎಬ್ಬಿಸಿದರು, ಯುಸಿಐ ಆ ವರ್ಷದ ಮಟ್ಟಿಗೆ ಹಿಂದೆ ಸರಿಯಿತು. ಅಲ್ಲಿ ಸಣ್ಣ ಊರುಗಳ ರೇಸು ನಡೆಸುವವರಿಗೂ ನಮ್ಮ ಜಾತ್ರೆ ಕಮಿಟಿಯವರದೇ ತಲೆಬಿಸಿ.

ಗದ್ದಲ ಎಬ್ಬಿಸಲಿಕ್ಕೂ ಒಂದು ಹಕ್ಕು ಬೇಕು. ಬ್ರಿಟನ್‌ನ ಸಂಗತಿ ಹೇಳುತ್ತೇನೆ. ಅಲ್ಲಿನ ಬ್ರಿಟಿಷ್ ಸೈಕ್ಲಿಂಗ್ ಸಂಸ್ಥೆಗೆ ಸಾಮಾನ್ಯ ಸವಾರರೇ ಹಣ ಕಟ್ಟಿ ಸದಸ್ಯರಾಗುತ್ತಾರೆ, ಒಂದು ಲಕ್ಷಕ್ಕೂ ಹೆಚ್ಚು ಜನ. 2022ರ ಸೆಪ್ಟೆಂಬರ್‌ನಲ್ಲಿ ರಾಣಿ ಎಲಿಜಬೆತ್ ಅಂತ್ಯಕ್ರಿಯೆಯ ಹೊತ್ತಿನಲ್ಲಿ ಯಾರೂ ಸೈಕಲ್ ತುಳಿಯಬೇಡಿ ಎಂದು ಸಂಸ್ಥೆ ಸಲಹೆ ಕೊಟ್ಟಿತು. ಅವತ್ತು ಸೈಕಲ್ ಮೇಲೆ ಕೆಲಸಕ್ಕೆ ಹೋಗುವವರು ಏನು ಮಾಡಬೇಕು? ಸದಸ್ಯರು ಉಗಿದರು, ಸಂಸ್ಥೆ ಸಲಹೆ ವಾಪಸ್ ಪಡೆದು ಕ್ಷಮೆ ಕೇಳಿತು. ಮುಂದಿನ ತಿಂಗಳೇ ಪೆಟ್ರೋಲ್ ಕಂಪನಿ ಶೆಲ್ ಜೊತೆ ಎಂಟು ವರ್ಷದ ಪ್ರಾಯೋಜಕತ್ವದ ಒಪ್ಪಂದ ಮಾಡಿಕೊಂಡಿತು. ಸೈಕಲ್ ಸಂಸ್ಥೆಗೆ ಪೆಟ್ರೋಲಿನ ದುಡ್ಡು! ಎಷ್ಟೋ ಮಂದಿ ಸದಸ್ಯತ್ವ ಬಿಟ್ಟರು. ಒಪ್ಪಂದ ರದ್ದಾಗಲಿಲ್ಲ, ಆದರೆ ಅದೇ ಅಕ್ಟೋಬರ್ ಕೊನೆಗೆ ಸಂಸ್ಥೆಯ ಮುಖ್ಯಸ್ಥರು ಹುದ್ದೆ ಬಿಟ್ಟರು. ಅಲ್ಲಿ ಸಿಟ್ಟು ಬಂದವನು ಕಾರ್ಡ್ ಹರಿದು ಮುಖಕ್ಕೆ ಎಸೆಯಬಹುದು. ನಮ್ಮ ಹುಡುಗನ ಹತ್ತಿರ ಹರಿಯಲಿಕ್ಕೂ ಕಾರ್ಡ್ ಇಲ್ಲ. ಇರುವ ಲೈಸೆನ್ಸ್ ಹರಿದರೆ ಅವನ ರೇಸೇ ಮುಗಿಯಿತು.

ಹುಡುಗಿಯರ ವಿಷಯಕ್ಕೆ ಇದು ಇನ್ನೂ ಗಂಭೀರ. 2022ರ ಜೂನ್‌ನಲ್ಲಿ ಸ್ಲೊವೇನಿಯಾದ ತರಬೇತಿ ಶಿಬಿರದಲ್ಲಿದ್ದ ಭಾರತದ ಮಹಿಳಾ ಸವಾರರೊಬ್ಬರು ಮುಖ್ಯ ಕೋಚ್ ಅಸಭ್ಯವಾಗಿ ನಡೆದುಕೊಂಡರು ಎಂದು ಭಾರತೀಯ ಕ್ರೀಡಾ ಪ್ರಾಧಿಕಾರಕ್ಕೆ ದೂರು ಕೊಟ್ಟರು. ಪ್ರಾಧಿಕಾರ ಕೋಚ್‌ನ ಗುತ್ತಿಗೆ ರದ್ದು ಮಾಡಿತು. ರಾಷ್ಟ್ರೀಯ ಶಿಬಿರದ ಹುಡುಗಿಗೆ ದೆಹಲಿಯ ಬಾಗಿಲು ಗೊತ್ತಿತ್ತು. ಟ್ರಯಲ್ಸ್‌ಗೆ ಟೆಂಪೋ ಹತ್ತಿ ಹೋಗುವ ಹದಿನೈದು ವರ್ಷದ ಹುಡುಗಿ ಯಾವ ಬಾಗಿಲು ಬಡಿಯಬೇಕು? ದೂರು ಕೇಳುವ ಹೆಣ್ಣುಮಗಳೊಬ್ಬರು ಸಂಘದಲ್ಲಿ ಇದ್ದಾರೆಯೇ ಎಂದು ಪ್ರತಿ ತಾಯಿಯೂ ಕೇಳಲೇಬೇಕು.

ಈಗ ಸಂಘದವರ ಮಾತು. ಅವರಲ್ಲಿ ಇಬ್ಬರ ಜೊತೆ ಕೂತು ಮಾತಾಡಿದ್ದೇನೆ. ಒಬ್ಬರು ಮೊದಲು ಸಿಟ್ಟಾದರು, ಆಮೇಲೆ ಚಹಾ ತರಿಸಿದರು. “ತಮ್ಮಾ, ಪೊಲೀಸ್ ಪರ್ಮಿಷನ್ ನಾನ ತರ್ತೀನಿ, ಟೆಂಪೋ ಬಾಡಗಿ ನನ್ನ ಕಿಸೇದಾಗಿಂದ ಹೋಕ್ಕೈತಿ. ರಾಜ್ಯ ಸಂಘದವರು ಬೈದ್ರ ನಾನ ಬೈಸ್ಕೋಬೇಕು. ಈ ಅಪ್ಪಂದಿರು ಬಂದು ಒಂದ್ ದಿನಾ ರಸ್ತೇಕ ಕೆಂಪು ಬಾವುಟ ಹಿಡಿದು ನಿಂತಿದ್ದು ನೋಡಿ ಏನು?” ನೋಡಿಲ್ಲ. ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಕಬ್ಬಿನ ಸೀಸನ್‌ನಲ್ಲಿ ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು ಹಿಂದೆ ದೀಪವಿಲ್ಲದೆ ಹೋಗುವ ರಸ್ತೆಯಲ್ಲಿ ನಸುಕಿನಲ್ಲಿ ರೇಸ್ ನಡೆಸುವುದು ಎಂದರೆ ಜೀವ ಕೈಯಲ್ಲಿ ಹಿಡಿದ ಹಾಗೆ. ಇಂಥ ನಾಲ್ಕು ಮಂದಿ ಇಲ್ಲದಿದ್ದರೆ ನಮ್ಮ ಮಕ್ಕಳು ರಾಜ್ಯ ಮಟ್ಟದ ಮುಖವನ್ನೇ ನೋಡುತ್ತಿರಲಿಲ್ಲ.

ಆದರೆ ಕಿಸೆಯಿಂದ ಖರ್ಚು ಮಾಡಿದವರಿಗೆ ಸಂಘ ತಮ್ಮದೇ ಅನ್ನಿಸತೊಡಗುತ್ತದೆ. ಗಂಟು ಬಿದ್ದದ್ದು ಇಲ್ಲೇ. ಲೆಕ್ಕ ಇಲ್ಲದ ಉಪಕಾರಕ್ಕಿಂತ ಲೆಕ್ಕ ಇರುವ ಚಂದಾ ಮೇಲು. ಪ್ರತಿ ಮನೆಯಿಂದ ವರ್ಷಕ್ಕೆ 500 ರೂಪಾಯಿ ತೆಗೆದುಕೊಳ್ಳಿ, ರಸೀದಿ ಕೊಡಿ. ಟೆಂಪೋ ಬಾಡಿಗೆ ಅದರಿಂದ ಹೋಗಲಿ. ಬಾವುಟ ಹಿಡಿಯಲು ಅಪ್ಪಂದಿರೂ ಬರುತ್ತಾರೆ, ಯಾಕೆಂದರೆ ಆಗ ಅದು ಅವರ ಸಂಘವೂ ಆಗಿರುತ್ತದೆ.

ಸಂಘ ಕೆಟ್ಟರೆ ಪದಾಧಿಕಾರಿಗೆ ಏನೂ ಆಗುವುದಿಲ್ಲ, ಪೆಟ್ಟು ಬೀಳುವುದು ಆಟಗಾರರಿಗೆ. ಕುಸ್ತಿ ನೋಡುವ ನಮ್ಮ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚುನಾವಣೆಯನ್ನು ಹೊತ್ತಿಗೆ ನಡೆಸಲಿಲ್ಲ ಎಂದು 2023ರ ಆಗಸ್ಟ್‌ನಲ್ಲಿ ವಿಶ್ವ ಕುಸ್ತಿ ಸಂಸ್ಥೆ ಭಾರತದ ಫೆಡರೇಶನ್ ಅನ್ನು ಅಮಾನತು ಮಾಡಿತು. ಮರುತಿಂಗಳು ಬೆಲ್‌ಗ್ರೇಡ್‌ನಲ್ಲಿ ಅಂತಿಮ್ ಪಂಘಲ್ ಕಂಚು ಗೆದ್ದಾಗ ಅವರು ಭಾರತದ ಧ್ವಜದ ಕೆಳಗೆ ಆಡಿರಲಿಲ್ಲ.

ಕಾನೂನು ಏನು ಹೇಳುತ್ತದೆ? 2025ರ ಆಗಸ್ಟ್‌ನಲ್ಲಿ ಸಂಸತ್ತು ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಪಾಸು ಮಾಡಿದೆ. ರಾಷ್ಟ್ರೀಯ ಸಂಸ್ಥೆಗಳ ಕಾರ್ಯಕಾರಿ ಸಮಿತಿಯಲ್ಲಿ 15ಕ್ಕಿಂತ ಹೆಚ್ಚು ಜನ ಇರುವಂತಿಲ್ಲ, ಕನಿಷ್ಠ ಇಬ್ಬರು ಸಾಧಕ ಆಟಗಾರರು, ಕನಿಷ್ಠ ನಾಲ್ವರು ಮಹಿಳೆಯರು ಇರಬೇಕು. ಒಳ್ಳೆಯದು. ಆದರೆ ಈ ಗಾಳಿ ದೆಹಲಿಯಿಂದ ಬೀಸಿ ಘಟಪ್ರಭಾ ಹೊಳೆ ದಾಟುವ ಹೊತ್ತಿಗೆ ಈಗಿನ ಜೂನಿಯರ್ ಹುಡುಗರಿಗೆ ಮದುವೆಯಾಗಿ ಮಕ್ಕಳಾಗಿರುತ್ತವೆ.

ಹತ್ತಿರದ ಕಾನೂನು ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960. ಇದರಡಿ ನೋಂದಣಿಯಾದ ಯಾವುದೇ ಸಂಘ ಪ್ರತಿ ವರ್ಷ ಸರ್ವಸದಸ್ಯರ ಸಭೆ ಮಾಡಬೇಕು, ಆಡಳಿತ ಮಂಡಳಿಯ ಪಟ್ಟಿ ಮತ್ತು ಲೆಕ್ಕಪತ್ರವನ್ನು ನೋಂದಣಾಧಿಕಾರಿಗೆ ಕೊಡಬೇಕು. 25ನೇ ಕಲಂ ಪ್ರಕಾರ ಮೂರನೇ ಒಂದು ಭಾಗದಷ್ಟು ಸದಸ್ಯರು ಅರ್ಜಿ ಕೊಟ್ಟರೆ ನೋಂದಣಾಧಿಕಾರಿ ವಿಚಾರಣೆ ನಡೆಸಲೇಬೇಕು. ನೋಡಿದಿರಾ, ಮತ್ತೆ ಅಲ್ಲಿಗೇ ಬಂತು: ಸದಸ್ಯರು. ಸವಾರರನ್ನು ಸದಸ್ಯರ ಪಟ್ಟಿಯ ಹೊರಗೆ ಇಟ್ಟರೆ ಈ ಕಲಂ ಸತ್ತ ಹಾಗೆ. ಅದಕ್ಕೇ ನನ್ನ ಬೇಡಿಕೆ ಒಂದೇ, ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ. ಹದಿನೆಂಟು ತುಂಬಿದ ಪ್ರತಿ ಸವಾರನಿಗೆ, ಚಿಕ್ಕವರಾದರೆ ಅವರ ತಂದೆ ಅಥವಾ ತಾಯಿಗೆ, ಓಟಿನ ಹಕ್ಕಿರುವ ಸದಸ್ಯತ್ವ ಕೊಡಿ. ಟ್ರಯಲ್ಸ್ ದಿನವೇ ಪ್ರತಿಯೊಬ್ಬರ ಟೈಮಿಂಗ್ ಬರೆದು ಗೋಡೆಗೆ ಅಂಟಿಸುವುದು, ಬಿಟ್ಟವರಿಗೆ ಕಾರಣ ಹೇಳುವುದು, ಇವೆಲ್ಲ ಆಮೇಲೆ ತಾವಾಗಿಯೇ ಆಗುತ್ತವೆ. ಓಟು ಇದ್ದವನಿಗೆ ಯಾರೂ ಉತ್ತರ ಕೊಡದೆ ಇರುವುದಿಲ್ಲ.

ಒಂದು ಹೆದರಿಕೆ ನನಗೂ ಇದೆ. 1905ರಲ್ಲಿ ಗದಗಿನ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ನಾಡು ನಮ್ಮದು, ನಿಜ. ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘದಂಥದ್ದು ರಾಜ್ಯದಲ್ಲೇ ಬೇರೆ ಇಲ್ಲ, ಅದೂ ನಿಜ. ಆದರೆ 2025ರಲ್ಲಿ ಅದೇ ಸಂಘದ ಚುನಾವಣೆಗೆ ಎಷ್ಟು ಕಾವೇರಿತ್ತು ಎಂಬುದನ್ನೂ ನೋಡಿದ್ದೇವೆ. ಓಟು ಬಂತೆಂದರೆ ಪೆನಲ್ ಬರುತ್ತದೆ, ಪೆನಲ್ ಹಿಂದೆ ದೊಡ್ಡ ಮನೆಗಳು ಬರುತ್ತವೆ, ಯಾವ ಮನೆಗಳೆಂದು ಈ ಮೂರು ತಾಲೂಕಿನವರಿಗೆ ಹೇಳಬೇಕಿಲ್ಲ. ನಾಳೆ ಸೈಕಲ್ ಸಂಘಕ್ಕೂ ಸ್ಕಾರ್ಪಿಯೋ ಮೇಲೆ ಮತದಾರರನ್ನು ಕರೆತಂದರೆ? ಬರಬಹುದು. ಅದಕ್ಕೆ ತಡೆಯೂ ಇದೆ: ಕಳೆದ ಎರಡು ವರ್ಷದಲ್ಲಿ ರೇಸ್ ಓಡಿದವರ ಮನೆಗಷ್ಟೇ ಸದಸ್ಯತ್ವ ಎಂದು ಬೈಲಾದಲ್ಲಿ ಬರೆಯಿರಿ. ಪೆಡಲ್ ತುಳಿಯದವನು ಎಷ್ಟೇ ದೊಡ್ಡ ಗಾಡಿಯಲ್ಲಿ ಬಂದರೂ ಹೊರಗೇ ನಿಲ್ಲಲಿ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ. ಸಂಘಕ್ಕೆ ಹಾಕಿದರೆ ನಾವು ಸರ್ಕಾರಿ ಕಚೇರಿ ಅಲ್ಲ ಅನ್ನಬಹುದು. ನೋಂದಣಾಧಿಕಾರಿ ಹಾಗೆ ಹೇಳಲಾಗದು. ಜಿಲ್ಲೆಯಲ್ಲಿ ಈ ಕೆಲಸ ನೋಡುವುದು ಸಹಕಾರ ಇಲಾಖೆಯ ಕಚೇರಿ. ಒಂದೇ ವಿಷಯ, 150 ಪದದೊಳಗೆ: ಸಂಘ ಸಲ್ಲಿಸಿದ ಬೈಲಾ, ಸದಸ್ಯರ ಪಟ್ಟಿ, ಲೆಕ್ಕಪತ್ರದ ನಕಲು ಕೊಡಿ. ಬಿಪಿಎಲ್ ಕಾರ್ಡ್ ಇದ್ದರೆ ಹತ್ತು ರೂಪಾಯಿಯೂ ಬೇಡ. 30 ದಿನದಲ್ಲಿ ಉತ್ತರ ಬರಬೇಕು.

ಮೂಡಲಗಿಯ ಆ ತಂದೆ ಮತ್ತು ನಾನು ಕೂತು ಅರ್ಜಿ ಬರೆದು ಪೋಸ್ಟ್ ಮಾಡಿ ಬಂದೆವು. ಹುಡುಗನೂ ಜೊತೆಗಿದ್ದ, ಏನೂ ಮಾತಾಡಲಿಲ್ಲ. ಅವನಿಗೆ ಈ ವರ್ಷ ಹದಿನೆಂಟು. ಸೈಕ್ಲಿಂಗ್‌ನಲ್ಲಿ ವಯಸ್ಸಿನ ಲೆಕ್ಕ ಹುಟ್ಟಿದ ದಿನದ್ದಲ್ಲ, ಹುಟ್ಟಿದ ವರ್ಷದ್ದು. ಬರುವ ಜನವರಿ 1ಕ್ಕೆ ಅವನು ಜೂನಿಯರ್ ಅಲ್ಲ. ರೈಲ್ವೆ, ಸೇನೆಯ ಪಳಗಿದ ಸವಾರರ ಜೊತೆ ಓಡಬೇಕು. ಅರ್ಜಿಗೆ ಬಂದ ಉತ್ತರವನ್ನು ಇಲ್ಲಿಯೇ ಹಾಕುತ್ತೇವೆ.