ಫೋನಿರುವಾಗ ರಾತ್ರಿ ಶಾಲೆ ಯಾಕಂತೆ!

“ಪಾಠವೆಲ್ಲ ಮೊಬೈಲಿನಲ್ಲೇ ಇದೆ, ಇನ್ನು ರಾತ್ರಿ ಶಾಲೆ ಯಾಕೆ?” ಎನ್ನುವ ಮಹನೀಯರು ಒಮ್ಮೆ ಹೋಟೆಲಿನ ಮಾಳಿಗೆ ಹತ್ತಿ ನಾವು ಮಲಗುವ ಜಾಗ ನೋಡಲಿ. ಒಂದೇ ಕೋಣೆ, ಹತ್ತು ಚಾಪೆ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದು ಪಾಠ ವಾಟ್ಸಾಪಿಗೆ ಹೋಯಿತು. ಹೋಟೆಲು ಮುಚ್ಚಿತು, ಸಂಬಳ ನಿಂತಿತು. ರೀಚಾರ್ಜಿಗೆ ದುಡ್ಡೆಲ್ಲಿತ್ತು? ಆಗ ಊರಿಗೆ ಹೋದ ನಮ್ಮ ಹುಡುಗರಲ್ಲಿ ಎಷ್ಟೋ ಮಂದಿ ಮತ್ತೆ ಪುಸ್ತಕ ಮುಟ್ಟಲಿಲ್ಲ.

ಫೋನನ್ನು ನಾವು ಹಳಿಯುವುದಿಲ್ಲ. ಸರ್ಕಾರದ ದೀಕ್ಷಾ ಆಪ್ 2017ರಲ್ಲೇ ಬಂದಿದೆ, ಪಾಠಕ್ಕೆ ಕಾಸಿಲ್ಲ. ಆದರೆ ಹನ್ನೆರಡು ತಾಸು ತಟ್ಟೆ ಎತ್ತಿದ ಹುಡುಗ ಮಲಗಿಕೊಂಡು ಅದನ್ನು ತೆರೆದರೆ ಎರಡನೆಯ ನಿಮಿಷಕ್ಕೆ ರೀಲ್ಸು, ಹತ್ತನೆಯದಕ್ಕೆ ನಿದ್ದೆ. “ಎರಡು ದಿನ ಕಾಣಲಿಲ್ಲ, ಜ್ವರವೇನೋ?” ಎಂದು ಮಾಸ್ತರರಂತೆ ಫೋನು ಕೇಳೀತೆ?

1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಘಗಳು ಈ ಮುಂಬಯಿಯಲ್ಲಿ ಉಚಿತ ರಾತ್ರಿ ಶಾಲೆ ನಡೆಸಿದ್ದು ದುಡಿಯುವವರಿಗಾಗಿ. ಧಣಿಗಳೇ, ಹಗಲು ಗ್ಲಾಸು ತೊಳೆದು ರಾತ್ರಿ ಓದಿ ಗಲ್ಲಾಕ್ಕೆ ಬಂದವರು ನಿಮ್ಮಲ್ಲೂ ಇದ್ದೀರಿ. ಸಂಜೆ ಆರಕ್ಕೆ ಹುಡುಗರನ್ನು ಬಿಡಿ. ಫೋನನ್ನೂ ಒಯ್ಯಲಿ; ಮಾಸ್ತರರ ಎದುರು ತೆರೆಯಲಿ.