ಲ್ಯಾಪ್‌ಟಾಪ್‌ಗೆ ಹಾಸಿಗೆ ಬೇಡ

ವರ್ಕ್ ಫ್ರಮ್ ಹೋಮ್ ಅಂತ ಕಂಪನಿಯವರು ಹೇಳ್ತಾರೆ, ಆದರೆ ನಮ್ಮಲ್ಲಿ ಬಹಳ ಜನರಿಗೆ ಅದು ವರ್ಕ್ ಫ್ರಮ್ ಹಾಸಿಗೆ. ಪಿಜಿ ರೂಮಿನಲ್ಲಿ ಮಂಚ ಬಿಟ್ಟರೆ ಕೂರೋಕೆ ಬೇರೆ ಜಾಗ ಎಲ್ಲಿದೆ ಹೇಳಿ? ದಿಂಬಿಗೆ ಒರಗಿ, ರಗ್ಗಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಚಾರ್ಜರ್ ಸಿಕ್ಕಿಸಿ ಕೂತರೆ ರಾತ್ರಿ ಹನ್ನೊಂದಕ್ಕೆ ಕೊನೆಯ ಕಾಲ್ ಮುಗಿಯುತ್ತೆ. ಆಮೇಲೆ ಅದನ್ನು ಮುಚ್ಚಿ, ಪಕ್ಕಕ್ಕೆ ಸರಿಸಿ, ಅಲ್ಲೇ ನಿದ್ದೆ. ಚಾರ್ಜರ್ ಹಾಗೇ ಇರುತ್ತೆ.

ನನಗೆ ಭಯ ಇರೋದು ಈ ಕೊನೆಯ ಭಾಗದ ಬಗ್ಗೆ. ನಾವು ಎಚ್ಚರ ಇದ್ದಾಗ ಸುಟ್ಟ ವಾಸನೆ ಬಂದರೆ ಗೊತ್ತಾಗುತ್ತೆ. ಮಲಗಿದಾಗ ಕಾಯೋರು ಯಾರು?

ಬಹುತೇಕ ಲ್ಯಾಪ್‌ಟಾಪ್‌ಗಳು ತಳದಿಂದ ಗಾಳಿ ಎಳೆದುಕೊಂಡು ಬಿಸಿಯನ್ನು ಬದಿಯಿಂದಲೋ ಹಿಂದಿನಿಂದಲೋ ಹೊರಗೆ ಹಾಕುತ್ತವೆ. ತಳದಲ್ಲಿರೋ ಪುಟ್ಟ ರಬ್ಬರ್ ಕಾಲುಗಳು ಆ ಗಾಳಿಗೆ ದಾರಿ ಬಿಡೋಕೂ ಬೇಕು. ಹಾಸಿಗೆಯಲ್ಲಿ ಅವು ಹೂತುಹೋಗುತ್ತವೆ. ಪ್ರೊಸೆಸರ್ ಜಾಣ, ಬಿಸಿ ಹೆಚ್ಚಾದರೆ ತಾನೇ ವೇಗ ತಗ್ಗಿಸುತ್ತೆ. ಪಕ್ಕದಲ್ಲಿರೋ ಬ್ಯಾಟರಿ ಮಾತ್ರ ಆ ಬಿಸಿಯನ್ನು ದಿನಾ ತಿಂದು ಸವೆಯುತ್ತಾ ಹೋಗುತ್ತೆ.

ಸ್ಲೀಪ್‌ನಲ್ಲಿ ಇಟ್ಟಿದ್ದೀನಲ್ಲ ಅಂತೀರಾ? ಈಗಿನ ಎಷ್ಟೋ ಲ್ಯಾಪ್‌ಟಾಪ್‌ಗಳದ್ದು ಕೋಳಿನಿದ್ದೆ. ಮಧ್ಯೆ ಎದ್ದು ಅಪ್‌ಡೇಟ್ ಹಾಕಿಕೊಳ್ಳೋದೂ ಉಂಟು. ಬ್ಯಾಗಿನಿಂದ ತೆಗೆದಾಗ ಇಸ್ತ್ರಿಪೆಟ್ಟಿಗೆ ಹಾಗೆ ಬಿಸಿ ಇರೋದು ಇದೇ ಕಾರಣಕ್ಕೆ. ರಾತ್ರಿ ಪೂರ್ತಿ ಶಟ್‌ಡೌನ್ ಮಾಡಿ.

ಲಿಥಿಯಂ ಅಯಾನ್ ಬ್ಯಾಟರಿಯ ಒಳಗೆ ಎರಡು ಧ್ರುವಗಳ ನಡುವೆ ತೆಳು ಪ್ಲಾಸ್ಟಿಕ್ ಪರದೆ ಇರುತ್ತೆ, ಜೊತೆಗೆ ಬೆಂಕಿ ಹತ್ತುವಂಥ ದ್ರವ. ಪರದೆ ಹರಿದರೆ ಒಳಗೇ ಶಾರ್ಟ್ ಆಗುತ್ತೆ. ಬಿಸಿ ಇನ್ನಷ್ಟು ಬಿಸಿ ಹುಟ್ಟಿಸುತ್ತೆ, ಒಂದು ಸೆಲ್‌ನಿಂದ ಪಕ್ಕದ ಸೆಲ್‌ಗೆ ಹಬ್ಬುತ್ತೆ. ಇದಕ್ಕೆ ಥರ್ಮಲ್ ರನ್‌ಅವೇ ಅಂತಾರೆ. ದೊಡ್ಡ ಬ್ರ್ಯಾಂಡ್ ಅನ್ನೋದೊಂದೇ ರಕ್ಷಣೆ ಅಲ್ಲ. 2006ರಲ್ಲಿ ಡೆಲ್ ಕಂಪನಿ ಸೋನಿ ಸೆಲ್‌ಗಳಿದ್ದ ಸುಮಾರು 41 ಲಕ್ಷ ಬ್ಯಾಟರಿಗಳನ್ನು ವಾಪಸ್ ಕರೆಸಿತ್ತು. 2019ರಲ್ಲಿ ಆಪಲ್ ಕೂಡ ಹಳೆಯ 15 ಇಂಚಿನ ಮ್ಯಾಕ್‌ಬುಕ್ ಪ್ರೊಗಳಿಗೆ ಬ್ಯಾಟರಿ ಬದಲಿಸಿಕೊಡುವುದಾಗಿ ಹೇಳಿತು.

ಬ್ಯಾಟರಿ ಕೆಟ್ಟರೆ ಎಷ್ಟೋ ಸಲ ಮೊದಲೇ ಸುಳಿವು ಕೊಡುತ್ತೆ. ನನ್ನ ಹಳೇ ರೂಮ್‌ಮೇಟ್ ಟಚ್‌ಪ್ಯಾಡ್ ಕ್ಲಿಕ್ ಆಗ್ತಿಲ್ಲ ಅಂತ ಎರಡು ದಿನ ಡ್ರೈವರ್ ತೆಗೆದು ಹಾಕಿ ಒದ್ದಾಡಿದ. ಇಂಜಿನಿಯರ್ ಬುದ್ಧಿ, ಎಲ್ಲದಕ್ಕೂ ಸಾಫ್ಟ್‌ವೇರ್ ಮೇಲೇ ಅನುಮಾನ! ಕೊನೆಗೆ ಮೇಜಿನ ಮೇಲಿಟ್ಟರೆ ಲ್ಯಾಪ್‌ಟಾಪ್ ತೊಟ್ಟಿಲ ಹಾಗೆ ತೂಗಾಡ್ತಿತ್ತು. ಒಳಗೆ ಬ್ಯಾಟರಿ ಹಪ್ಪಳದ ಹಾಗೆ ಉಬ್ಬಿ ಟಚ್‌ಪ್ಯಾಡನ್ನು ಮೇಲಕ್ಕೆ ತಳ್ಳಿತ್ತು.

ಹೀಗಾದರೆ "ಈ ರಿಲೀಸ್ ಮುಗೀಲಿ, ಆಮೇಲೆ ನೋಡೋಣ" ಅನ್ನಬೇಡಿ. ತಕ್ಷಣ ಆಫ್ ಮಾಡಿ, ಚಾರ್ಜರ್ ತೆಗೀರಿ, ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿ. ಉಬ್ಬಿದ್ದನ್ನು ಒತ್ತಬೇಡಿ, ಚುಚ್ಚಬೇಡಿ. ತೆಗೆದ ಬ್ಯಾಟರಿಯನ್ನು ಮನೆ ಕಸಕ್ಕೆ ಹಾಕಬೇಡಿ, ಅದು ಇ-ತ್ಯಾಜ್ಯಕ್ಕೇ ಹೋಗಬೇಕು. ಆಫೀಸಿನ ಲ್ಯಾಪ್‌ಟಾಪ್ ಆದರೆ ಅವತ್ತೇ ಐಟಿ ಟೀಮ್‌ಗೆ ಟಿಕೆಟ್ ಹಾಕಿ.

ಇನ್ನು ಎಕ್ಸ್‌ಟೆನ್ಷನ್ ಬೋರ್ಡ್. ನಮ್ಮ ಮನೆಗಳ ಚಿಕ್ಕ ಸಾಕೆಟ್ 6 ಆಂಪಿಯರ್‌ದು. 230 ವೋಲ್ಟ್‌ಗೆ ಲೆಕ್ಕ ಹಾಕಿದರೆ 1380 ವ್ಯಾಟ್. ಲ್ಯಾಪ್‌ಟಾಪ್‌ನ 65 ವ್ಯಾಟ್ ಅದಕ್ಕೆ ಏನೂ ಅಲ್ಲ. ಆದರೆ ಅದೇ ಬೋರ್ಡಿಗೆ ಮ್ಯಾಗಿ ಮಾಡೋಕೆ 2000 ವ್ಯಾಟ್‌ನ ಇಂಡಕ್ಷನ್ ಸ್ಟೌವ್ ಹಾಕಿದರೆ? ವೈರ್ ಕಾಯುತ್ತೆ. ಆ ವೈರ್ ಮಂಚದ ಕೆಳಗೆ, ಬಟ್ಟೆ ರಾಶಿ ಮಧ್ಯೆ ಹೋಗಿರುತ್ತೆ.

ಅಕಸ್ಮಾತ್ ಹೊಗೆ ಬಂತು ಅಂದರೆ ಲ್ಯಾಪ್‌ಟಾಪನ್ನು ಎತ್ತಿಕೊಂಡು ಓಡಬೇಡಿ. ಕೈಗೆ ಸಿಗುವ ಹಾಗಿದ್ದರೆ ಮಾತ್ರ ಸ್ವಿಚ್ ಆರಿಸಿ. ರೂಮಿನಲ್ಲಿ ಇರೋರನ್ನೆಲ್ಲ ಎಬ್ಬಿಸಿ ಹೊರಗೆ ಕಳಿಸಿ, ಬಾಗಿಲು ಎಳೆದುಕೊಂಡು 101ಕ್ಕೋ 112ಕ್ಕೋ ಕರೆ ಮಾಡಿ. ಆ ಹೊಗೆ ವಿಷ. ಕೋಡ್ ಸರ್ವರ್‌ನಲ್ಲಿ ಇರುತ್ತೆ ಬಿಡಿ.

ಕೊನೆಯದಾಗಿ ಒಂದು ಮಾತು. ಹೊಸದು ತಗೊಂಡಾಗ ಹಳೇ ಲ್ಯಾಪ್‌ಟಾಪ್ ಎಲ್ಲಿಗೆ ಹೋಯ್ತು? ಊರಿಗೆ, ಅಪ್ಪನಿಗೋ ತಂಗಿ ಓದಿಗೋ. ಅಲ್ಲಿ ಅದು ಟೀವಿ ಪಕ್ಕ ದಿನವಿಡೀ ಚಾರ್ಜ್‌ನಲ್ಲೇ ಇರುತ್ತೆ, ಮೇಲೊಂದು ಕ್ರೋಶಾ ಬಟ್ಟೆ ಬೇರೆ. ಈ ಸಲ ಹಬ್ಬಕ್ಕೆ ಹೋದಾಗ ಹೋಳಿಗೆ ತಿನ್ನೋಕೆ ಮುಂಚೆ ಅದನ್ನು ಒಮ್ಮೆ ತಿರುಗಿಸಿ, ತಳ ಉಬ್ಬಿದೆಯಾ ನೋಡಿ. ಅವರಿಗೆ ಇದನ್ನು ಹೇಳೋರು ನಾವೇ ತಾನೇ?