ಅಳುವುದಕ್ಕೊಂದು ಭಾಷೆ

ಪರಭಾಷೆಯಲ್ಲಿ ಪಾಂಡಿತ್ಯವನ್ನು ಮೆರೆಯಬಹುದು. ದುಃಖವನ್ನು ತೋಡಿಕೊಳ್ಳುವುದು ಕಷ್ಟ. ಜರ್ಮನಿಯ ‘ಎಲಿಮೆಂಟ್ ಆಫ್ ಕ್ರೈಮ್’ ಎಂಬ ರಾಕ್ ಸಂಗೀತದ ಮೇಳವು ಇದಕ್ಕೆ ನಿದರ್ಶನವಾಗಿದೆ.

1985ರಲ್ಲಿ ಪಶ್ಚಿಮ ಬರ್ಲಿನ್ನಿನಲ್ಲಿ ಹುಟ್ಟಿದ ಈ ಮೇಳವು ಮೊದಲು ಇಂಗ್ಲಿಷಿನಲ್ಲಿ ಹಾಡುತ್ತಿದ್ದಿತು. 1991ರಲ್ಲಿ, ‘ಅಂದು ಚಂದ್ರನ ಮರೆಯಲ್ಲಿ’ ಎಂಬರ್ಥದ ಹೆಸರುಳ್ಳ ಗೀತಸಂಪುಟದೊಡನೆ ಸ್ವಭಾಷೆಗೆ ತಿರುಗಿತು. ಗಾಯಕನೂ ಗೀತಕಾರನೂ ಆದ ಸ್ವೆನ್ ರೇಗೆನರನು ನಡುನಡುವೆ ಕಹಳೆಯನ್ನೂ ಊದುವನು. ಆತನ ಗೀತಗಳಲ್ಲಿ ಗೋಳಾಟವಿಲ್ಲ. ಮುರಿದ ಪ್ರೇಮವೂ ನಗರದ ಒಂಟಿತನವೂ ನಸುನಗೆಯೊಡನೆ ಬೆರೆತು ಬರುತ್ತವೆ. ಭಾಷೆ ಬದಲಾದ ಮೇಲೆಯೇ ಮೇಳಕ್ಕೆ ವಿಶಾಲವಾದ ಶ್ರೋತೃವರ್ಗವು ದೊರೆಯಿತು. 2023ರಲ್ಲಿಯೂ ಅದು ಹೊಸ ಸಂಪುಟವನ್ನು ಹೊರತಂದಿತು.

ವಾಚಕ ಮಹಾಶಯರೇ, ಮಕ್ಕಳಿಗೆ ಪರಭಾಷೆಯನ್ನು ಅವಶ್ಯವಾಗಿ ಕಲಿಸಿರಿ. ಆದರೆ ಅಳುವುದಕ್ಕೊಂದು ಭಾಷೆಯನ್ನು ಮನೆಯಲ್ಲಿ ಉಳಿಸಿಡಿರಿ.